ಆಯಿಯ ಹಿಮ್ಮಡಿ ಮತ್ತು ನನ್ನ ಲೈಸನ್ಸು

ಶಹರದ ಜಲನಗರ ಬಡಾವಣೆಯ ಒಂದು ಕ್ಲಿನಿಕ್ಕಿನ ಮಹಡಿಯ ಮೇಲೆ ನಾನು ಒಂದು ವರ್ಷ ಪೂರ್ತಿ ಮಂದಿಯ ಕಾಲು ನೋಡಿದ್ದೇನೆ. ಮುಖಗಳು ಈಗ ನೆನಪಿಲ್ಲ. ಯಾರಾದರೂ ಎದುರಿಗೆ ಬಂದು ನಮಸ್ಕಾರ ಹೇಳಿದರೆ ತಬ್ಬಿಬ್ಬಾಗುತ್ತೇನೆ, ಚಪ್ಪಲಿ ಬಿಟ್ಟರೆ ಸಾಕು, ಗುರುತು ಹತ್ತುತ್ತದೆ. ಇವರು ಜೋರಾಪುರ ಪೇಟೆಯ ಅಂಗಡಿಯವರು, ನಿಂತು ನಿಂತು ಪಾದ ರೊಟ್ಟಿಯ ಹಾಗೆ ಚಪ್ಪಟೆಯಾಗಿದೆ. ಇವರು ಆಫೀಸಿನವರು, ಬೂಟಿನೊಳಗೆ ದಿನವಿಡೀ ಬೆಂದು ಬೆರಳುಗಳೆಲ್ಲ ಕಡುಬಾಗಿವೆ. ಇಂಥ ವಿದ್ಯೆ ಇರುವವಳು ನಮ್ಮೂರು ತಿಕೋಟಾದಲ್ಲಿ ನಾನೊಬ್ಬಳೇ. ಬೇರೆ ಯಾರಾದರೂ ಇದ್ದರೆ ಅವರು ಇನ್ನೂ ಮುಂದೆ ಬಂದಿಲ್ಲ.

ಪಿಯುಸಿ ಮುಗಿದ ಮೇಲೆ ನನ್ನ ಗೆಳತಿಯರು ನರ್ಸಿಂಗು, ಬಿಎಸ್ಸಿ ಅಂತ ಹೋದರು. ನಾನು ಪಾದ ಆರೈಕೆಯ ತರಬೇತಿಗೆ ಸೇರಿದೆ. ಸಕ್ಕರೆ ಕಾಯಿಲೆ ಇರುವವರ ಪಾದ ತೊಳೆದು ಪರೀಕ್ಷೆ ಮಾಡುವುದು, ಉಗುರು ಕತ್ತರಿಸುವುದು, ದಪ್ಪಗಟ್ಟಿದ ಚರ್ಮವನ್ನು ತೀಡಿ ತೆಗೆಯುವುದು, ಗಾಯ ಕಂಡರೆ ಕೈ ಹಿಂದೆ ಸರಿಸಿ ಡಾಕ್ಟರಿಗೆ ಒಪ್ಪಿಸುವುದು. ಇಷ್ಟು ಕಲಿತು ಪರೀಕ್ಷೆ ಪಾಸಾದರೆ ಡಾಕ್ಟರರ ಕೈಕೆಳಗೆ ಈ ಕೆಲಸ ಮಾಡಬಹುದು ಅಂತ ಒಂದು ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಪ್ರಮಾಣಪತ್ರ ಅನ್ನಲು ಯಾರೂ ತಯಾರಿಲ್ಲ. ಟ್ರ್ಯಾಕ್ಟರ್ ಓಡಿಸಲು ಇರುವ ಹಾಗೆ ಕಾಲು ನೋಡಲಿಕ್ಕೂ ಒಂದು ಲೈಸನ್ಸು, ಅಷ್ಟೇ.

ಪರೀಕ್ಷೆಗೆ ಇನ್ನೂ ವಾರಗಟ್ಟಲೆ ಇರುವಾಗಲೇ ನಾನು ಲೈಸನ್ಸು ಬಂದವರ ಹಾಗೆ ನಡೆಯುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರ ಹೆಬ್ಬೆರಳು ನೋಡಿ ಉಪದೇಶ ಕೊಡುತ್ತಿದ್ದೆ. ಮೊಬೈಲಿನ ಸ್ಟೇಟಸ್ಸಿನಲ್ಲಿ ಬಿಳಿ ಕೋಟು ಹಾಕಿದ ನನ್ನ ಫೋಟೊ, ಅದರ ಕೆಳಗೆ 'ಪಾದ ತಜ್ಞೆ' ಅಂತ ಬರಹ. ಕೋಟು ಗೆಳತಿಯದು, ತಜ್ಞೆ ಅನ್ನುವುದು ನನ್ನದೇ. ಕ್ಲಿನಿಕ್ಕಿನವರು ಪಾಸಾದವರಲ್ಲಿ ಒಬ್ಬರನ್ನು ತಾವೇ ಇಟ್ಟುಕೊಳ್ಳುತ್ತೇವೆ ಅಂದಿದ್ದರು. ಆ ಕುರ್ಚಿಯಲ್ಲಿ ನಾನು ಆಗಲೇ ಮನಸ್ಸಿನಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದೆ. ನಪಾಸಾದರೆ ಮುಂದಿನ ಬ್ಯಾಚಿನವರೆಗೆ ಕಾಯಬೇಕು, ಕುರ್ಚಿ ಬೇರೆಯವರಿಗೆ ಹೋಗುತ್ತದೆ, ಇಡೀ ತಿಕೋಟಾ ನನ್ನ ಸ್ಟೇಟಸ್ಸನ್ನು ನನಗೇ ಓದಿ ಹೇಳುತ್ತದೆ.

ಕೊನೆಯ ಪರೀಕ್ಷೆಗೆ ಪೇಷಂಟನ್ನು ನಾವೇ ಕರೆತರಬೇಕಿತ್ತು. ತೊಂದರೆ ಇರುವ ಕಾಲೇ ಆಗಬೇಕು. ನನ್ನ ಕಣ್ಣು ಮೊದಲು ಬಿದ್ದದ್ದು ಬಬಲೇಶ್ವರದಲ್ಲಿರುವ ಕಾಕಾನ ಮೇಲೆ. ಅಪ್ಪನ ತಮ್ಮ, ಟಂಟಂ ಆಟೋ ಓಡಿಸುತ್ತಾನೆ. ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಅಂಗಾಲಿನಲ್ಲಿ ಆಣಿ ಬೆಳೆದಿದೆ. ಅದರಿಂದ ಗೋಡೆಗೆ ಮೊಳೆ ಹೊಡೆಯಬಹುದು, ಅಷ್ಟು ಗಟ್ಟಿ. ಅವನು ಊಟಕ್ಕೆ ಕೂತಾಗ ಹೋಗಿ ಕೇಳಿದೆ.

"ಕಾಕಾ, ಒಂದ್ ದಿನದ ಮಟ್ಟಿಗೆ ನಿನ್ನ ಕಾಲು ಕೊಡು."

"ಏನ್ ಮಾಡ್ತಿ ಅದನ್ನ?"

"ತೊಳೀತೇನಿ, ನೋಡ್ತೇನಿ, ಆಣಿ ತೀಡ್ತೇನಿ. ಅಷ್ಟ."

ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ವಾಪಸ್ ಇಟ್ಟ. "ತೊಳೀತಿ? ನೀನು? ಮನಿಮಗಳ ಕೈಲೆ ಕಾಲು ತೊಳಿಸ್ಕೊಳ್ಳಾಕ ನಾನೇನು ಅಯ್ಯನೋ, ಅಳಿಯನೋ?"

ನಮ್ಮ ಕಡೆ ಇನ್ನೊಬ್ಬರ ಕೈಯಲ್ಲಿ ಕಾಲು ತೊಳೆಸಿಕೊಳ್ಳುವ ಹಕ್ಕಿರುವುದು ಈ ಇಬ್ಬರಿಗೇ. ಪಾದಪೂಜೆಗೆ ಬರುವ ಅಯ್ಯನವರಿಗೆ ಮತ್ತು ಮದುವೆಯ ದಿನ ಅಳಿಯನಿಗೆ. ಮೂರನೆಯವನಾಗಿ ಪೇಷಂಟು ಅನ್ನುವವನು ಪಟ್ಟಿಗೆ ಇನ್ನೂ ಸೇರಿಲ್ಲ.

"ನಮ್ಮ ಅಪ್ಪ ತೊಳದಿದ್ದಿಲ್ಲೇನ್ರಿ ನಿಮ್ಮ ಕಾಲು?" ಅಂತ ಕಾಕಾನ ಹೆಂಡತಿ ಕಾಕು ಒಳಗಿಂದ ಕೇಳಿದಳು.

"ಅದು ಆವತ್ತೊಂದ ದಿನ. ಅಲ್ಲಿಂದ ಇಲ್ಲೀತನಕ ನಾನ ತೊಳ್ಕೊಳ್ಳಾಕತ್ತೇನಿ," ಅಂದ ಕಾಕಾ. ಮಾತು ಮುಗಿಯಿತು.

ಈ ಸುದ್ದಿ ಕಳ್ಳಕವಟಗಿಯಲ್ಲಿರುವ ಆಯಿಗೆ ನಾನು ಹೇಳುವ ಮೊದಲೇ ಮುಟ್ಟಿತ್ತು. ಆಯಿ ಅಂದರೆ ಅಪ್ಪನ ತಾಯಿ. ಹೊಲ, ಎಮ್ಮೆ, ಬಾಜೂಮನೆಯ ಜಗಳ, ಎಲ್ಲದರ ಮೇಲೂ ಕಣ್ಣಿಟ್ಟಿರುವವಳು. ಅವಳೇ ಫೋನ್ ಮಾಡಿದಳು.

"ಅವನ ಕಾಲಿಗೆ ಬಂಗಾರ ಹಚ್ಚ್ಯಾನೇನು? ನನ್ನವು ಅದಾವಲ್ಲ ಎರಡು. ಅವನ್ನರ ಬಳಸ್ಕೊ."

ನಾನು ಫೋನ್ ಇಟ್ಟು ಅಲ್ಲೇ ಕುಣಿದೆ. ಯಾಕೆಂದರೆ ಆಯಿಯ ಕಾಲು ಸಾಮಾನ್ಯ ಕಾಲಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ, ಗುಳಿಗೆ ನುಂಗುತ್ತಾಳೆ, ಚಪ್ಪಲಿ ಮಾತ್ರ ಸಂತೆಗೆ ಹೋಗುವಾಗಷ್ಟೇ. ಹಿಮ್ಮಡಿಗಳು ಬೇಸಗೆಯ ಎರೆಹೊಲದ ಹಾಗೆ ಬಿರಿದಿದ್ದವು. ಅದರಲ್ಲಿ ಕೂರಿಗೆ ಹೊಡೆದು ಜೋಳ ಬಿತ್ತಬಹುದಿತ್ತು. ಒಮ್ಮೆ ಅವಳ ಮೂಗುಬಟ್ಟು ಕಳೆದಾಗ ನಾವು ಮೊದಲು ಹುಡುಕಿದ್ದೇ ಆ ಬಿರುಕುಗಳಲ್ಲಿ. ಇದು ಸ್ವಲ್ಪ ಹೆಚ್ಚಾಯಿತು. ಮೊದಲು ಹಾಸಿಗೆಯಲ್ಲಿ ಹುಡುಕಿದೆವು, ಆಮೇಲೆ ಬಿರುಕಿನಲ್ಲಿ. ಜೋರಾಪುರ ಪೇಟೆಯ ನನ್ನ ಸಹಪಾಠಿಯೊಬ್ಬ ಚಪ್ಪಟೆ ಪಾದದ ಅಂಗಡಿಯವರೊಬ್ಬರನ್ನು ಒಪ್ಪಿಸಿ ಬೀಗುತ್ತಿದ್ದ. ಅವನನ್ನು ನೋಡಿದರೆ ನನಗೆ ಕನಿಕರ ಬರುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಕಾಕಾನ ಟಂಟಂ ಕ್ಲಿನಿಕ್ಕಿನ ಮುಂದೆ ನಿಂತಿತು. ಕಾಲು ಕೊಡದಿದ್ದರೇನು, ಗಾಡಿ ಕೊಟ್ಟಿದ್ದ. ಆಯಿ ಇಳಿದಳು. ಇಳಕಲ್ ಸೀರೆ, ಅದರ ಕೆಳಗೆ ಕಾಕಾನ ಕರೀ ಸಾಕ್ಸು. ಮಹಡಿ ಹತ್ತಿ ಬೆಂಚಿನ ಮೇಲೆ ಕೂತು, ಸುತ್ತ ಯಾರಿದ್ದಾರೆ ನೋಡಿ, ಮದುವೆಯ ಸೀರೆಯ ಮಡಿಕೆ ಬಿಚ್ಚಿ ತೋರಿಸುವವರ ಹಾಗೆ ಮೆಲ್ಲಗೆ ಸಾಕ್ಸು ಎಳೆದಳು.

"ಹ್ಯಾಂಗ ಅದಾವ?"

ಕೊಬ್ಬರಿ ಎಣ್ಣೆಯಲ್ಲಿ ಪಾದಗಳು ಫಳಫಳ ಹೊಳೆಯುತ್ತಿದ್ದವು. ಹತ್ತೂ ಉಗುರಿಗೆ ಕೆಂಪು ನೇಲ್ ಪಾಲಿಶ್. ತಿರುಗಿಸಿ ನೋಡಿದೆ. ಹಿಮ್ಮಡಿಯಲ್ಲಿ ಒಂದು ಬಿರುಕೂ ಕಾಣುತ್ತಿರಲಿಲ್ಲ. ವರ್ಷವಿಡೀ ಕಲಿತ ವಿದ್ಯೆಯೆಲ್ಲ ಆ ನುಣುಪಿನ ಮೇಲಿಂದ ಜಾರಿ ಕೆಳಗೆ ಬಿತ್ತು.

"ಆಯಿ, ಬಿರಕಾ ಎಲ್ಲಿ ಹೋದ್ವು?"

"ಮುಚ್ಚೇನಿ."

"ಯಾತರ್ಲೆ?"

"ಮೇಣಬತ್ತಿಲೆ. ಹಚ್ಚಿ, ಕರಗಿಸಿ, ಒಂದೊಂದ್ರಾಗ ತುಂಬ ಬಿಟ್ಟೇನಿ. ನೀ ಹುಟ್ಟೂಕಿಂತ ಮೊದಲಿಂದ ನಾವು ಹಿಂಗ ಮಾಡ್ತೇವಿ. ಶಹರದಾಗಿನ ದೊಡ್ಡ ಡಾಕ್ಟರ್ ನೋಡ್ತಾರಂದ್ರ ಹೊಲಸ ಕಾಲ್ ತಗೊಂಡು ಬರೂದೇನ? ಈ ಹುಡಿಗಿ ಮನಿ ಮಂದೀನ ಹಿಂಗ ಅದಾರ ಅಂದ್ರ ಮರ್ಯಾದಿ ಯಾರದ ಹೋಗ್ತೈತಿ?"

"ಮತ್ತ ಉಗರು?"

"ಬಾಜೂಮನಿ ಸೊಸಿ ಹಚ್ಚಿದ್ಳು. ನಾ ಬ್ಯಾಡ ಅಂದೆ." ಹೆಬ್ಬೆರಳನ್ನು ಅಲ್ಲಾಡಿಸಿ ನೋಡಿ ಸೇರಿಸಿದಳು, "ಒಣಗಿದ ಮ್ಯಾಲೆ ಇನ್ನೊಂದ್ ಸಲ ಹಚ್ಚು ಅಂದೆ."

"ದಾರಿ ತುಂಬ ಸಾಕ್ಸ್ ಕಳದು ಕಳದು ನೋಡ್ಕೋತ ಬಂದಾಳ," ಅಂದ ಕಾಕಾ. "ಸಿಗ್ನಲ್‌ದಾಗ ನಿಂತಾಗ ಬಾಜೂ ಆಟೋದಾವ್ರಿಗೂ ತೋರ್ಸ್ಯಾಳ."

ರೋಗವೇ ಇಲ್ಲದ ಪೇಷಂಟನ್ನು ತಂದವಳು ಅಂತ ನಾನು ಚರಿತ್ರೆಗೆ ಸೇರುತ್ತೇನೆ ಅಂದುಕೊಳ್ಳುವಷ್ಟರಲ್ಲಿ ಒಳಗಿಂದ ನನ್ನ ಸರದಿ ಕೂಗಿದರು.

ಪರೀಕ್ಷೆ ಮಾಡುವವರು ಬೇರೆ ಊರಿನಿಂದ ಬಂದ ಡಾಕ್ಟರ್ ಮೇಡಮ್ಮು. ಕನ್ನಡಕ ಮೂಗಿನ ತುದಿಗಿತ್ತು. ಅವರ ಬಾಜೂ ನಮಗೆ ಕಲಿಸಿದ ಸಿಸ್ಟರ್. ಆಯಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ನಾನು ಕೆಳಗೆ ಸಣ್ಣ ಸ್ಟೂಲಿನ ಮೇಲೆ ಕೂತೆ. ಕಾಲು ಹಿಡಿಯಲು ಬಗ್ಗಿದ್ದೇ ತಡ, ಆಯಿಯ ಕೈ ನನ್ನ ತಲೆಯ ಮೇಲೆ ಬಂತು.

"ದೊಡ್ಡಾಕಿ ಆಗವ್ವಾ. ನೂರ ವರ್ಷ ಬಾಳು."

"ಆಯಿ, ನಾ ನಮಸ್ಕಾರ ಮಾಡಾಕತ್ತಿಲ್ಲ. ಪರೀಕ್ಷಾ ಮಾಡಾಕತ್ತೇನಿ."

"ಬಗ್ಗೀದ್ಯಲ್ಲ. ಬಗ್ಗಿದಾವ್ರಿಗೆ ಸುಮ್ನ ಕಳಸೂದೇನ?"

ಮೇಡಂ ಮುಖ ಆಚೆ ತಿರುಗಿಸಿ ಕೆಮ್ಮಿದರು. ನಾನು ಒಂದೊಂದು ಸಲ ಬಗ್ಗಿದಾಗಲೂ ಒಂದೊಂದು ಆಶೀರ್ವಾದ ಬಿತ್ತು. ನೇಲ್ ಪಾಲಿಶ್ ಒರೆಸಿ ತೆಗೆಯುವ ಹೊತ್ತಿಗೆ ಮಾತ್ರ ಆಯಿ ಆಶೀರ್ವಾದ ನಿಲ್ಲಿಸಿ, ಹತ್ತಿಗೆ ಹತ್ತಿದ ಕೆಂಪನ್ನು ದುಃಖದಿಂದ ನೋಡುತ್ತಾ ಕೂತಳು.

ಆಮೇಲೆ ಸ್ಪರ್ಶದ ಪರೀಕ್ಷೆ. ಒಂದು ಹಿಡಿಕೆಗೆ ಸಣ್ಣ ನೈಲಾನ್ ಎಳೆ ಸಿಕ್ಕಿಸಿರುತ್ತಾರೆ. ಅದನ್ನು ಅಂಗಾಲಿಗೆ ಒತ್ತಿ ಎಳೆ ಬಾಗುವ ತನಕ ಹಿಡಿಯಬೇಕು. ಪೇಷಂಟು ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದು ಗೊತ್ತಾದರೆ ಹೇಳಬೇಕು. ಸಕ್ಕರೆ ಕಾಯಿಲೆ ಹಳೆಯದಾದರೆ ಕೆಲವರಿಗೆ ಪಾದದ ಸ್ಪರ್ಶ ಹೋಗಿಬಿಡುತ್ತದೆ. ಅದು ಹೋದದ್ದೂ ಅವರಿಗೆ ಗೊತ್ತಿರುವುದಿಲ್ಲ.

"ಕಣ್ ಮುಚ್ಚು ಆಯಿ. ಮುಟ್ಟಿದಾಗ ಹೂಂ ಅನ್ನು."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಕತೆ ಹೇಳುವಾಗ ಕೇಳುವವರು ನಡುನಡುವೆ ಹೂಂ ಅನ್ನಲೇಬೇಕು. ಅನ್ನದಿದ್ದರೆ ಆಯಿ ರಾಜಕುಮಾರನನ್ನು ಅಡವಿಯಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದಳು. ಹಾಗೆ ಮಂದಿಯಿಂದ ಜೀವನವಿಡೀ ಹೂಂ ಅನಿಸಿಕೊಂಡವಳು ಈಗ ತಾನು ಅನ್ನತೊಡಗಿದಳು.

ಹೆಬ್ಬೆರಳಿಗೆ ಒತ್ತಿದೆ. "ಹೂಂ." ಅಂಗಾಲಿನ ನಡುವೆ ಒತ್ತಿದೆ. "ಹೂಂ." ಎಷ್ಟು ಚಂದದ ತಾಳ ಅಂದರೆ ನಾನು ಕತೆ ಹೇಳುತ್ತಿದ್ದೇನೆ ಅಂತ ನನಗೇ ಅನಿಸಿತು. ಎಳೆಯನ್ನು ಇನ್ನೊಂದು ಕಾಲಿಗೆ ಒಯ್ಯುತ್ತಿದ್ದೆ, ಅದಿನ್ನೂ ಗಾಳಿಯಲ್ಲಿತ್ತು. "ಹೂಂ." ಬೆವರು ಒರೆಸಿಕೊಂಡೆ. "ಹೂಂ."

ಮೇಡಂ ಆ ಹೊತ್ತಿಗೆ ಸಿಸ್ಟರ್ ಜೊತೆ ಏನೋ ಮಾತಾಡುತ್ತಿದ್ದರು. ಎಲ್ಲ ಸರಿ ಇದೆ ಅಂತ ಹೇಳಿ ಮುಂದೆ ಹೋಗಬಹುದಿತ್ತು. ಸ್ಪರ್ಶವೆಲ್ಲ ಸರಿ ಅಂದರೆ ಪರೀಕ್ಷೆಯ ಆ ಭಾಗ ಸುಲಭದ ಪಾಸು. ಅದಿರಲಿ, ಮೊದಲು ಮೇಣ ತೆಗೆಯೋಣ ಅಂತ ಹಿಮ್ಮಡಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟೆ. ಮೇಣ ಮೆತ್ತಗಾಗಿ ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಬಿರುಕುಗಳು ಒಂದೊಂದಾಗಿ ಮರಳಿ ಬಂದವು, ಹಳೆಯ ಗೆಳತಿಯರನ್ನು ಕಂಡ ಹಾಗಾಯಿತು. ಎಡಗಾಲಿನ ಕೊನೆಯ ಪಟ್ಟಿಯ ಕೆಳಗೆ ಇದ್ದದ್ದು ಬಿರುಕಲ್ಲ. ಹುಣಸೆಬೀಜದಷ್ಟು ದೊಡ್ಡ ಬೊಬ್ಬೆ, ಒಂದು ಕಡೆ ಒಡೆದು ಹಸಿಯಾಗಿತ್ತು. ಅದರ ಸುತ್ತ ಚರ್ಮ ಕೆಂಪಗೆ ಬೆಂದಿತ್ತು.

"ಆಯಿ, ಮೇಣ ಬಿಟ್ಟಾಗ ಸುಡಲಿಲ್ಲೇನು?"

"ಒಂದ್ ಚೂರೂ ಸುಡಲಿಲ್ಲ." ಅವಳ ಕಣ್ಣು ಇನ್ನೂ ಮುಚ್ಚಿಯೇ ಇದ್ದವು, ಮುಖದಲ್ಲಿ ಹೆಮ್ಮೆ. "ಬಾಜೂಮನ್ಯಾಕಿ ತನ್ನ ಕಾಲಿಗೂ ಒಂದ್ ಹನಿ ಬಿಟ್ಕೊಂಡು ಅಂಗಳ ತುಂಬ ಕುಣದ್ಳು. ನಾ ಕುಂತು ನಗಾಕತ್ತಿದ್ದೆ. ನಮ್ಮ ಕಾಲು ಗಟ್ಟಿ, ನಿಮ್ಮಂಗಲ್ಲ."

ಎಳೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಆಯಿಗೆ ಕಾಣುವ ಹಾಗೆ ಅವಳ ಪಾದವನ್ನು ಪಕ್ಕಕ್ಕೆ ತಿರುಗಿಸಿದೆ.

"ಈಗ ಕಣ್ ತಗದು ನೋಡ್ಕೋತ ಕುಂದ್ರು."

ಅಂಗಾಲಿಗೆ ಒತ್ತಿದೆ. ಎಳೆ ಬಿಲ್ಲಿನ ಹಾಗೆ ಬಾಗಿತು. ಆಯಿ ನೋಡಿದಳು. ಹೂಂ ಬರಲಿಲ್ಲ.

"ಮುಟ್ಟೇತೇನು ಅದು?"

"ಮುಟ್ಟೇತಿ ಆಯಿ. ಬಾಗೇತಿ ನೋಡು."

"ಮತ್ತ ನನಗ್ಯಾಕ ಗೊತ್ತಾಗವಲ್ದು?" ಬಗ್ಗಿ ತಾನೇ ಬೆರಳಿನಿಂದ ಅಂಗಾಲು ಕೆರೆದು ನೋಡಿದಳು. ಇನ್ನೊಂದು ಸಲ ಕೆರೆದಳು.

"ಹಂಗಾರ ಅವಾಗಿಂದ ಹೂಂ ಹೂಂ ಅಂತಿದ್ಯಲ್ಲ?"

"ನೀ ಕೇಳಾಕತ್ತಿದ್ದಿ. ಅನ್ನಲಿಲ್ಲಂದ್ರ ನಿನ್ನ ನಪಾಸ್ ಮಾಡಿದ್ರ?"

ಮೇಡಂ ಯಾವಾಗ ನನ್ನ ಹಿಂದೆ ಬಂದು ನಿಂತಿದ್ದರೋ ಗೊತ್ತಿಲ್ಲ. "ಇನ್ನ ಚರ್ಮ ತೀಡೂದು ಬಾಕಿ ಐತಲ್ಲ," ಅಂದರು. ದನಿಯಲ್ಲಿ ಏನೂ ತಿಳಿಯಲಿಲ್ಲ. ತೀಡುವ ಬ್ಲೇಡು ತಟ್ಟೆಯಲ್ಲಿತ್ತು. ನನ್ನ ಕೈ ಎಷ್ಟು ಚಂದ ಓಡುತ್ತದೆ ಅಂತ ತೋರಿಸುವ ಭಾಗವೇ ಅದು. ಇಡೀ ಬ್ಯಾಚಿನಲ್ಲಿ ನನ್ನಷ್ಟು ತೆಳ್ಳಗೆ ತೀಡುವವರಿಲ್ಲ, ಈ ಮಾತನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ. ಆದರೆ ಬೆಂದ ಗಾಯ, ಸ್ಪರ್ಶವಿಲ್ಲದ ಪಾದ. ಅಂಥದಕ್ಕೆ ನಮ್ಮಂಥವರು ಬ್ಲೇಡು ಮುಟ್ಟಿಸಬಾರದು ಅಂತ ಮೊದಲ ವಾರವೇ ಕಲಿಸಿದ್ದರು. ಆ ವಾರ ನಾನು ಕಿಟಕಿಯ ಹತ್ತಿರ ಕೂತಿದ್ದರೂ ಇದಿಷ್ಟು ಕಿವಿಗೆ ಬಿದ್ದಿತ್ತು.

"ಇಲ್ಲಿಗೆ ನಿಲ್ಲಸ್ತೇನ್ರಿ ಮೇಡಂ," ಅಂದೆ. ದನಿ ನನ್ನದೇನಾ ಅಂತ ಅನುಮಾನ ಬಂತು. "ಸುಟ್ಟ ಗಾಯ ಐತ್ರಿ, ಕಾಲಿಗೆ ಸ್ಪರ್ಶ ಇಲ್ರಿ. ಡಾಕ್ಟರ್ ನೋಡ್ಬೇಕ್ರಿ."

ಎಲ್ಲರಿಗಿಂತ ಮೊದಲು ಬಾಯಿ ತೆಗೆದವಳು ಆಯಿ. "ಯಾಕ ನಿಲ್ಲಸ್ತಿ? ಕೊಯ್ಯಿ, ನನಗೇನೂ ಆಗೂದಿಲ್ಲ. ಮೇಡಮ್ಮಾರ, ಆಕೀಗೆ ಕೊಯ್ಯಾಕ ಹೇಳ್ರಿ. ಭಾಳ ಚೊಲೊ ಕೊಯ್ತಾಳ. ಮನ್ಯಾಗ ಬದನಿಕಾಯಿ ಕೊಯ್ಯೂದ ನಾ ನೋಡೇನಿ."

"ಏನೂ ಆಗೂದಿಲ್ಲ ಅನ್ನೂದ ತ್ರಾಸ್ ಐತ್ರಿ ಅಮ್ಮಾ," ಅಂದರು ಮೇಡಂ. ಕೆಳಗಿನ ಡಾಕ್ಟರರನ್ನು ಕರೆಸಿದರು. ಅವರು ಬಂದು ಬೊಬ್ಬೆ ನೋಡಿ, ತೊಳೆದು, ಬ್ಯಾಂಡೇಜು ಕಟ್ಟಿಸಿ, ದಿನಾ ಡ್ರೆಸ್ಸಿಂಗ್ ಆಗಬೇಕು ಅಂದರು. ಗಾಯವನ್ನು ಹಾಗೇ ಬಿಟ್ಟಿದ್ದರೆ ಏನೇನಾಗುತ್ತಿತ್ತು ಅಂತ ಅವರು ಹೇಳಿದ್ದನ್ನು ಮಾತ್ರ ನಾನು ಇಲ್ಲಿ ಹಿಗ್ಗಿಸುವುದೂ ಇಲ್ಲ, ಹೇಳುವುದೂ ಇಲ್ಲ.

ಡಾಕ್ಟರು ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. "ನಿಲ್ಲಿಸಿದ್ದು ಸರಿ. ಆದ್ರ ತೀಡೂದು ನೋಡದ ನಾ ಸಹಿ ಹಾಕಂಗಿಲ್ಲ. ಬ್ಯಾರೆ ಪೇಷಂಟ್ ಇದ್ರ ಕರೀರಿ, ಆಣಿ ಇದ್ರೂ ನಡೀತೈತಿ. ಇಲ್ಲಂದ್ರ ಮುಂದಿನ ಬ್ಯಾಚಿಗೆ ಬರ್ರಿ."

ಜಲನಗರದ ರಸ್ತೆಗಿಳಿದು ಹೋಗಿಬರುವವರ ಬೂಟು ಬಿಚ್ಚಿಸಲೇ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆಯಿ ಬಾಗಿಲಿನ ಕಡೆ ನೋಡಿ ಕೂಗಿದಳು. ಅಲ್ಲಿ ಕಾಕಾ ನಿಂತಿದ್ದ. ತಾಯಿಯ ಕಾಲಿನ ಬ್ಯಾಂಡೇಜು ನೋಡಿ ಅವನ ಮುಖ ಸಣ್ಣದಾಗಿತ್ತು.

"ಏ, ಬಾ ಇಲ್ಲೆ. ಚಪ್ಪಲ್ ಕಳಿ."

"ಯವ್ವಾ, ನಾ ಆವತ್ತ ಹೇಳೇನಿ..."

"ಹೇಳಿದ್ದಿ. ಅಯ್ಯ ಅಲ್ಲ, ಅಳಿಯ ಅಲ್ಲ, ಖರೆ. ಆಣಿ ಐತಿಲ್ಲೋ? ಐತಿ. ಕುಂದ್ರು."

ಕಾಕಾ ಮೇಡಂ ಕಡೆ ನೋಡಿದ, ಅವರು ಕೈಗಡಿಯಾರ ನೋಡಿದರು. ನನ್ನ ಕಡೆ ನೋಡಿದ. ಆಗ ನನ್ನ ಮುಖ ಹೇಗಿತ್ತೋ, ಅವನು ತಿರುಗಿ ಹೊರಗೆ ಹೋದ. ಓಡಿಹೋದ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ನಳದಲ್ಲಿ ತಾನೇ ಕಾಲು ತೊಳೆದುಕೊಂಡು, ನೀರು ತೊಟ್ಟಿಕ್ಕಿಸುತ್ತಾ ಬಂದ.

"ತೊಳ್ಕೊಂಡ ಬಂದೇನಿ. ನೀ ಮತ್ತ ತೊಳೀಬ್ಯಾಡ."

"ತೊಳೀದಿದ್ರ ಮಾರ್ಕ್ಸ್ ಇಲ್ಲ ಕಾಕಾ."

ಅವನು ಕಣ್ಣು ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತ. ನಾನು ತೊಳೆದೆ.

"ಬಾಸಿಂಗ ಒಂದ ಕಮ್ಮಿ ನೋಡ್ರಿ," ಅಂತ ಆಯಿ ಸಿಸ್ಟರಿಗೆ ಹೇಳಿದಳು. "ಮದಿವಿ ದಿನಾನೂ ಹಿಂಗ ಕುಂತಿದ್ದ, ಬಿಗಿದ್ಕೊಂಡು."

ಎಳೆ ಮುಟ್ಟಿಸಿದರೆ ಕಾಕಾ ಹೂಂ ಅನ್ನಲಿಲ್ಲ, ಕುರ್ಚಿಯಿಂದ ಒಂದು ಗೇಣು ಮೇಲೆ ಹಾರಿದ. ಅಷ್ಟು ದೊಡ್ಡ ಮೀಸೆಯ ಮನುಷ್ಯನಿಗೆ ಅಷ್ಟು ಕಚಗುಳಿ ಇರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಕಾಕೂಗೂ. ಹಲ್ಲು ಕಚ್ಚಿ ತಡೆದ, ಆಮೇಲೆ ಕಿಸಕ್ಕೆಂದ, ಆಮೇಲೆ ಸಣ್ಣ ಹುಡುಗರ ಹಾಗೆ ನಗುತ್ತಾ ಮೇಡಮ್ಮಿಗೆ ಕ್ಷಮೆ ಕೇಳುತ್ತಾ ಹೋದ. ಆಯಿ ಮಗನ ನಗುವನ್ನು ನೋಡಲಿಲ್ಲ. ಅವನ ಕಾಲಿಗೆ ಎಳೆ ಮುಟ್ಟುವುದನ್ನೇ ನೋಡುತ್ತಿದ್ದಳು.

ಆಣಿಯನ್ನು ಪದರ ಪದರವಾಗಿ ತೀಡಿದೆ. ಒಂದು ಹನಿ ರಕ್ತವಿಲ್ಲ. ಕಾಕಾ ಎದ್ದು ಎರಡು ಹೆಜ್ಜೆ ಇಟ್ಟು, ನಿಂತು, ನೆಲವನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. "ಹಗರ ಆತಲ್ಲ," ಅಂದ. ಇಷ್ಟು ದೊಡ್ಡ ಹೊಗಳಿಕೆ ಅವನ ಬಾಯಿಂದ ಬಂದದ್ದು ನನಗೆ ನೆನಪಿಲ್ಲ.

ಕೊನೆಗೆ ಪೇಷಂಟಿಗೆ ಬುದ್ಧಿ ಹೇಳುವುದು ಬಾಕಿಯಿತ್ತು. ನಾನು ಆಯಿಗೆ ಹೇಳಿದೆ: ದಿನಾ ಅಂಗಾಲು ನೋಡಿಕೊಳ್ಳಬೇಕು, ಮೇಣ ಬಿಡಬಾರದು, ನೀರಿನ ಬಿಸಿ ಕಾಲಿಂದ ನೋಡಬಾರದು, ಮನೆಯೊಳಗೂ ಚಪ್ಪಲಿ ಹಾಕಬೇಕು.

"ಮನ್ಯಾಗ ಚಪ್ಪಲ್?" ಉಳಿದದ್ದನ್ನೆಲ್ಲ ಒಪ್ಪಿಕೊಂಡವಳು ಇಲ್ಲಿ ನಿಂತಳು. "ಒಲಿ ಮುಂದ? ದೇವರ ಮುಂದ?"

"ಮನಿಗಂತ ಬ್ಯಾರೆ ಜೋಡ ತರ್ತೇನಿ. ದೇವರ ಮುಂದ ಕಳದು ಚಾಪಿ ಮ್ಯಾಲೆ ಕುಂದ್ರು."

"ದೇವ್ರಿಗೆ ನೀ ಹೇಳ್ತಿ?"

"ಹೇಳ್ತೇನಿ."

ಮೇಡಂ ಸಹಿ ಹಾಕಿದರು. ಪಾಸು ಅಂತ ನನಗೆ ಹೇಳುವ ಮೊದಲು ಆಯಿಗೆ ಹೇಳಿದರು, ಯಾಕೆಂದರೆ ಕೇಳಿದವಳು ಅವಳು. ಗಾಡಿ ಹತ್ತುವುದರೊಳಗೆ ಕಾಕಾ ಊರಿಗೆಲ್ಲ ಫೋನ್ ಮಾಡಿದ. ಅವನ ಮಾತಿನಲ್ಲಿ ಆಣಿ ಲಿಂಬೆಹಣ್ಣಿನಷ್ಟಾಗಿತ್ತು. ಹಿಗ್ಗಿಸುವುದು ನಮ್ಮ ಮನೆತನದಲ್ಲೇ ಇದೆ ಅಂತ ಕಾಣುತ್ತದೆ. ಜಲನಗರದ ಕುರ್ಚಿಯೂ ನನಗೇ ಸಿಕ್ಕಿತು. ಅದು ಸ್ಟೂಲು, ಬೆನ್ನು ಆನಿಸಲು ಏನೂ ಇಲ್ಲ.

ಆಯಿಯನ್ನು ಕಳ್ಳಕವಟಗಿಗೆ ಬಿಡದೆ ತಿಕೋಟಾದ ನಮ್ಮ ಮನೆಗೆ ಕರೆತಂದೆವು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವಳ ಡ್ರೆಸ್ಸಿಂಗ್ ನನ್ನ ಕೆಲಸ. ಗಾಯ ನಿಧಾನವಾಗಿ ಮಾಯುತ್ತಿದೆ. ಸ್ಪರ್ಶ ವಾಪಸ್ ಬರುವ ಲಕ್ಷಣವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ಅದನ್ನು ಆಯಿಗೂ ಹೇಳಿದ್ದೇನೆ. ಅವಳು ಮಂಚದ ಮೇಲೆ ಕಾಲು ಚಾಚಿ, ಮುಖ ಅಂಗಳದ ಕಡೆ ಮಾಡಿ ಕೂರುತ್ತಾಳೆ. ಹೋಗಿಬರುವವರಿಗೆಲ್ಲ ನಾನು ಹೇಗೆ ಪಾಸಾದೆ ಅಂತ ಹೇಳುತ್ತಾಳೆ. ಆ ಕತೆಯಲ್ಲಿ ಮೇಡಂ ಒಂದು ದಿನ ಅತ್ತುಬಿಡುತ್ತಾರೆ, ಇನ್ನೊಂದು ದಿನ ಎದ್ದು ನಿಲ್ಲುತ್ತಾರೆ.

ನಿನ್ನೆಯೂ ಹಾಗೇ ಯಾರಿಗೋ ಹೇಳುತ್ತಿದ್ದಳು. ನಾನು ಬ್ಯಾಂಡೇಜು ಕಟ್ಟಿ, ಡಬ್ಬಿ ಮುಚ್ಚಿ, ಕೈ ತೊಳೆದುಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದೆ. ಮಾತು ಕೇಳುವವರು ಹೋದ ಮೇಲೆ ಆಯಿ ಈ ಕಡೆ ತಿರುಗಿದಳು.

"ಅಲ್ಲೆ ಯಾಕ ನಿಂತಿ? ಕಟ್ಟಬೇಕಿಲ್ಲೇನು?"

"ಕಟ್ಟಿ ಎಷ್ಟೊತ್ತಾತು ಬೇ."

ಕಾಲು ನೋಡಿಕೊಂಡಳು. ಬಿಳಿ ಪಟ್ಟಿ ಅಚ್ಚುಕಟ್ಟಾಗಿ ಕೂತಿತ್ತು.

"ಕಟ್ಟೂ ಮುಂದ ಹೇಳಬಾರ್ದೇನ ಮತ್ತ," ಅಂದಳು. "ನಾ 'ಸಾವಕಾಶ ಕಟ್ಟು' ಅನ್ನಬೇಕಂತ ಕುಂತೇನಿ."